ಓದುಗರ ಸ್ಪಂದನ: ಎಕ್ಸ್‌ರೇ ಓದ್ತೀನಿ ಅಂತಾಳೆ ಮಗಳು

ಕಳೆದ ಸಂಚಿಕೆಯ ಸಮಸ್ಯೆ: "ಜಮಖಂಡಿ ತಾಲ್ಲೂಕಿನ ರೈತ ನಾನು. ಮಗಳು ಪಿಯುಸಿ ವಿಜ್ಞಾನ ಮುಗಿಸಿದ್ದಾಳೆ. ನೀಟ್‌ನಲ್ಲಿ ಎಂಬಿಬಿಎಸ್ ಸಿಗುವಷ್ಟು ಅಂಕ ಬರಲಿಲ್ಲ. ಬೆಳಗಾವಿಯಲ್ಲಿ ಬಿ.ಎಸ್ಸಿ. ಮೆಡಿಕಲ್ ಇಮೇಜಿಂಗ್ ಟೆಕ್ನಾಲಜಿಗೆ (ಎಕ್ಸ್‌ರೇ, ಸ್ಕ್ಯಾನ್ ತೆಗೆಯುವ ಓದು) ಸೇರುತ್ತೇನೆಂದು ಹಟ ಹಿಡಿದಿದ್ದಾಳೆ. ಬಟನ್ ಒತ್ತೋ ಕೆಲಸಕ್ಕೆ ನಾಲ್ಕು ವರ್ಷ ಯಾಕೆ, ಪರಿಚಯದ ಸ್ಕ್ಯಾನಿಂಗ್ ಸೆಂಟರಿಗೆ ಬಿಟ್ಟರೆ ಆರು ತಿಂಗಳಲ್ಲಿ ಕಲೀತಾಳೆ ಎಂಬುದು ದೊಡ್ಡ ಅಳಿಯನ ವಾದ. ಆ ಎಕ್ಸ್‌ರೇ ಕಿರಣ ತಾಗಿದರೆ ಮಕ್ಕಳಾಗೋದಿಲ್ಲ, ಗಂಡು ಸಿಗೋದಿಲ್ಲ ಅಂತ ಮನೆಯ ಹೆಂಗಸರು. ಏನು ಮಾಡಲಿ?"

ಯಜಮಾನ್ರೇ,

ವಿಜಯಪುರದ ಆಸ್ಪತ್ರೆಯೊಂದರಲ್ಲಿ ಇದೇ ಕೆಲಸದಲ್ಲಿ ತಲೆ ನರೆತವನು ನಾನು. ಬಟನ್ ಒತ್ತುವುದು ಕ್ಷಣದ ಮಾತು, ಅದರಲ್ಲಿ ಅಳಿಯಂದಿರು ಹೇಳಿದ್ದು ಖರೆ. ಆದರೆ ಕೆಲಸ ಇರುವುದು ಅದಕ್ಕಿಂತ ಮುಂಚೆ. ಕೆಮ್ಮುತ್ತ ಬಂದ ಅಜ್ಜಿಯನ್ನು ಪ್ಲೇಟಿಗೆ ಎದೆ ತಾಗಿಸಿ ನಿಲ್ಲಿಸಬೇಕು. ಗದ್ದ ಮೇಲೆ, ಕೈ ಸೊಂಟದ ಮೇಲೆ, ಮೊಣಕೈ ಮುಂದಕ್ಕೆ. ಹಾಗೆ ದೂಡದಿದ್ದರೆ ಹೆಗಲ ಹಿಂದಿನ ಅಗಲ ಎಲುಬು ಶ್ವಾಸಕೋಶದ ಮೇಲೆ ಬಂದು ಕೂರುತ್ತದೆ. ಕುಪ್ಪಸದ ಪಿನ್ನು ತೆಗೆಸಬೇಕು. ತಾಳಿ ತೆಗೆಯಲ್ಲ ಅಂದರೆ ನಾನು ಜಗಳಕ್ಕೆ ಹೋಗುವುದಿಲ್ಲ, ಸರ ಎತ್ತಿ ಹಲ್ಲಲ್ಲಿ ಕಚ್ಚಿ ಹಿಡಿಸುತ್ತೇನೆ. ಆಮೇಲೆ "ಉಸಿರು ಎಳಕೋ ಯವ್ವಾ, ಜೋರಾಗಿ, ಹಿಡಿ... ಈಗ ಬಿಡು." ಅರ್ಧ ಉಸಿರಿನಲ್ಲಿ ತೆಗೆದರೆ ಶ್ವಾಸಕೋಶದ ತಳ ಬೆಳ್ಳಗೆ ಕಂಡು, ಇಲ್ಲದ ನ್ಯುಮೋನಿಯಾ ಇದ್ದಂತೆ ತೋರುತ್ತದೆ.

ಕಬ್ಬಿನ ಹಂಗಾಮಿನಲ್ಲಿ ರಾತ್ರಿ ಟ್ರ್ಯಾಕ್ಟರ್ ಪಲ್ಟಿಯಾಗಿ ಬಂದವನ ಕುತ್ತಿಗೆಯ ಎಕ್ಸ್‌ರೇ ಬೇಕೆಂದರೆ ಇನ್ನೊಂದು ಪರೀಕ್ಷೆ. ಅವನನ್ನು ಹೊರಳಿಸುವಂತಿಲ್ಲ. ಮಲಗಿದ್ದಲ್ಲೇ, ಕುತ್ತಿಗೆಗೆ ಕಟ್ಟಿದ ಆಸರೆ ಪಟ್ಟಿ (ಕಾಲರ್) ಬಿಚ್ಚದೆ, ಕಿರಣ ಬಿಡುವ ಟ್ಯೂಬನ್ನು ಪಕ್ಕಕ್ಕೆ ತಿರುಗಿಸಿ ಅಡ್ಡದಿಂದ ತೆಗೆಯಬೇಕು. ಹೊರಳಿಸಿದರೆ ಏನಾಗಬಹುದು ಎಂದು ತಿಳಿಯಲು ಅಂಗರಚನೆ ಓದಿರಬೇಕು. ಮೊದಲ ವರ್ಷ ಅದನ್ನೇ ಅರೆಯಿಸುತ್ತಾರೆ.

ಇನ್ನೊಂದು ಮಾತು, ಇದನ್ನು ಹೊರಗಿನವರು ಯಾರೂ ಹೇಳುವುದಿಲ್ಲ. ಫಿಲ್ಮ್ ಕಾಲದಲ್ಲಿ ಕಿರಣ ಹೆಚ್ಚಾದರೆ ಫಿಲ್ಮ್ ಕಪ್ಪಾಗಿ ಗುಟ್ಟು ರಟ್ಟಾಗುತ್ತಿತ್ತು. ಈಗಿನ ಡಿಜಿಟಲ್ ಯಂತ್ರದಲ್ಲಿ ಬೇಕಿದ್ದಕ್ಕಿಂತ ಹೆಚ್ಚು ಕಿರಣ ಬಿಟ್ಟರೂ ಕಂಪ್ಯೂಟರ್ ಸರಿಮಾಡಿ ಚೆಂದದ ಚಿತ್ರವನ್ನೇ ಕೊಡುತ್ತದೆ. ಪೇಷಂಟಿಗೆ ಬಿದ್ದ ಹೆಚ್ಚುವರಿ ಕಿರಣ ಯಾರ ಕಣ್ಣಿಗೂ ಬೀಳದು. ನೋಡಿ ಕಲಿತವನು ಅಂಜಿಕೆಗೆ ಕೆವಿ, ಎಂಎಎಸ್ (ಕಿರಣದ ಬಲ, ಪ್ರಮಾಣ) ಎರಡನ್ನೂ ಏರಿಸಿಟ್ಟುಕೊಂಡೇ ದಿನ ದೂಡುತ್ತಾನೆ. ಓದಿ ಕಲಿತವರು ಕೂಸಿಗೆ ಎಷ್ಟು, ಪೈಲ್ವಾನನಿಗೆ ಎಷ್ಟು ಎಂದು ಲೆಕ್ಕ ಹಾಕುತ್ತಾರೆ. ಅಳಿಯಂದಿರಿಗೆ ಇದನ್ನೂ ತಿಳಿಸಿ: ಅಣುಶಕ್ತಿ ನಿಯಂತ್ರಣ ಮಂಡಳಿ, ಅಂದರೆ ಎಇಆರ್‌ಬಿಯ ನಿಯಮದ ಪ್ರಕಾರ ಈ ಯಂತ್ರ ನಡೆಸುವವರಿಗೆ ತಕ್ಕ ವಿದ್ಯಾರ್ಹತೆ ಬೇಕು, 18 ತುಂಬದವರನ್ನು ವಿಕಿರಣದ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ.

– ರೇಡಿಯೋಗ್ರಾಫರ್, ವಿಜಯಪುರ

ಅಣ್ಣಾರ,

ಬಾಗಲಕೋಟೆಯಲ್ಲಿ ಎಕ್ಸ್‌ರೇ, ಸಿ.ಟಿ. ಎರಡೂ ನೋಡಿಕೊಳ್ಳುತ್ತೇನೆ. ಈ ಪತ್ರವನ್ನು ಮನೆಯ ಹೆಂಗಸರಿಗೆ ಓದಿ ಹೇಳಿ. ಸ್ವಿಚ್ ಬಿಟ್ಟ ಕೂಡಲೇ ಕಿರಣ ನಿಂತಿತು. ಗೋಡೆಗೆ, ಹಾಸಿಗೆಗೆ, ಸೀರೆಗೆ ಅಂಟಿಕೊಂಡು ಮನೆಗೆ ಬರುವಂಥದ್ದಲ್ಲ. ಕಿರಣ ಹೊರಡುವಾಗ ನಾವು ಸೀಸದ ತಡೆಯ ಆಚೆ ಇರುತ್ತೇವೆ. ವಾರ್ಡಿಗೆ ಪೋರ್ಟಬಲ್ ಯಂತ್ರ ಒಯ್ದರೆ ಸೀಸದ ಏಪ್ರನ್ ಹಾಕಿಕೊಂಡು ವೈರು ಎಟಕುವಷ್ಟು ದೂರ ಸರಿಯುತ್ತೇವೆ. ದೂರ ಎರಡು ಪಟ್ಟಾದರೆ ಕಿರಣ ಕಾಲು ಭಾಗಕ್ಕೆ ಇಳಿಯುತ್ತದೆ, ಮಗಳು ಪಿಯುಸಿ ಫಿಸಿಕ್ಸ್‌ನಲ್ಲಿ ಓದಿದ ನಿಯಮವೇ ಇದು.

ಎದೆಯ ಮೇಲೆ, ಏಪ್ರನ್ನಿನ ಒಳಗೆ, ಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಇರುತ್ತದೆ. ಮೂರು ತಿಂಗಳಿಗೊಮ್ಮೆ ಪ್ರಯೋಗಾಲಯಕ್ಕೆ ಹೋಗಿ, ನಮಗೆ ತಾಗಿದ ಕಿರಣದ ಲೆಕ್ಕ ನಮ್ಮ ಹೆಸರಿನಲ್ಲೇ ಬರುತ್ತದೆ. (ಬ್ಯಾಡ್ಜನ್ನು ಮೊಳೆಗೆ ತೂಗುಹಾಕಿ ಚಹಾಕ್ಕೆ ಹೋಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಗೋಡೆಯ ಡೋಸ್ ಅಳೆದು ಏನು ಬಂತು?) ಐದು ವರ್ಷದ ಸರಾಸರಿ ತೆಗೆದರೆ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ತಾಗಿದ ಕಿರಣದ ಅಳತೆ) ಮಿತಿ, ಯಾವ ಒಂದು ವರ್ಷವೂ 30 ದಾಟಬಾರದು. ಮಣ್ಣು, ಗಾಳಿ, ಆಕಾಶದಿಂದ ಮನುಷ್ಯನಿಗೆ ಸುಮ್ಮನೆ ತಾಗುವುದೇ ಜಗತ್ತಿನ ಸರಾಸರಿಯಲ್ಲಿ ವರ್ಷಕ್ಕೆ 2.4 ಮಿಲಿಸೀವರ್ಟ್. ಒಂದು ಎದೆ ಎಕ್ಸ್‌ರೇಯಿಂದ ಪೇಷಂಟಿಗೆ ತಾಗುವುದು ಸುಮಾರು 0.02 ಅಷ್ಟೇ. ಹಾಗಂತ ಕಿರಣವನ್ನು ಹಗುರಾಗಿ ಕಾಣಬಾರದು. ಹೊಟ್ಟೆಯ ಸಿ.ಟಿ.ಗೆ ಇದರ ನೂರಾರು ಪಟ್ಟು ಬೇಕಾಗುತ್ತದೆ.

ಬಸಿರಾದಾಗ ಮುಚ್ಚಿಡಬಾರದು, ಕೂಡಲೇ ತಿಳಿಸಬೇಕು. ತಿಳಿಸಿದ ಮೇಲೆ ಹೆರಿಗೆವರೆಗೆ ಹೊಟ್ಟೆಯೊಳಗಿನ ಕೂಸಿಗೆ 1 ಮಿಲಿಸೀವರ್ಟ್ ಮೀರದಂತೆ ನೋಡಿಕೊಳ್ಳಬೇಕೆಂಬ ನಿಯಮವಿದೆ. ನನ್ನನ್ನು ಆ ತಿಂಗಳುಗಳಲ್ಲಿ ಎಂ.ಆರ್.ಐ. ಕಡೆ ಹಾಕಿದ್ದರು. ಅಲ್ಲಿ ಎಕ್ಸ್‌ರೇ ಕಿರಣವೇ ಇಲ್ಲ, ಇರುವುದು ದೊಡ್ಡ ಅಯಸ್ಕಾಂತ. ಅದರ ಭಯವೇ ಬೇರೆ, ಕಬ್ಬಿಣದ ಆಕ್ಸಿಜನ್ ಸಿಲಿಂಡರ್ ಒಳಗೆ ಒಯ್ದರೆ ಮುಗಿಯಿತು. ಮಕ್ಕಳಿಬ್ಬರೂ ಗಟ್ಟಿಮುಟ್ಟಾಗಿ ಶಾಲೆಗೆ ಹೋಗುತ್ತಿದ್ದಾರೆ.

– ಎರಡು ಮಕ್ಕಳ ತಾಯಿ, ಬಾಗಲಕೋಟೆ

ನನ್ನ ಸೊಸಿ ಎಕ್ಸ್‌ರೇ ತೆಗಿಯೋ ಹುಡುಗೀನ ಅದಾಳ. ಮದವಿಗೆ ಮೊದಲ ನಾನೂ ಹಿಂಗ ಅಂಜಿದ್ದೆ. ಈಗ ಮೊಮ್ಮಗಳು ಬಂದು ತೊಡಿ ಮ್ಯಾಲೆ ಕುಂತಾಳ. ನನ್ನ ಮೊಣಕಾಲು ನೋವಿಗೆ ನಿಂದ್ರಿಸಿ ಎಕ್ಸ್‌ರೇ ತೆಗಿಸಿದ್ದೂ ಅಕೀನ, ಮಲಗಿಸಿ ತೆಗೆದ್ರ ಸವೆದಿದ್ದು ಪೂರಾ ಕಾಣಂಗಿಲ್ಲಂತ. ಓದಸ್ರಿ.

– ಅತ್ತೆ, ಇಳಕಲ್ಲ

ಸರ್,

ಎಲ್ಲರೂ ಹೊಗಳುವಾಗ ನಾನೊಬ್ಬ ಅಪಸ್ವರ ತೆಗೆಯುತ್ತೇನೆ, ಬೇಸರ ಬೇಡ. ನನ್ನ ಮಗನೂ ಇದೇ ಡಿಗ್ರಿ ಮಾಡಿದ. ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಮುಗಿಸಿ ಬಂದಾಗ ಖಾಸಗಿ ಸೆಂಟರಿನವರು ಕೊಟ್ಟ ಸಂಬಳ ನೋಡಿ ನನ್ನ ಮುಖ ಸಣ್ಣದಾಯಿತು. ಸಿ.ಟಿ., ಎಂ.ಆರ್.ಐ. ಕೈಹಿಡಿದ ಮೇಲೆ ಸುಧಾರಿಸಿತು, ಆದರೆ ಅದಕ್ಕೆ ವರ್ಷಗಳೇ ಬೇಕಾದವು. ಸಾಲ ಮಾಡಿ ಓದಿಸುವುದಾದರೆ ಮೊದಲ ದಿನದಿಂದ ಕಂತು ಕಟ್ಟುವ ಲೆಕ್ಕ ಹಾಕಬೇಡಿ. ಸರ್ಕಾರಿ ನೌಕರಿಯೇ ಗುರಿ ಅಂತಿದ್ದರೆ ಹಳೆಯ ನೇಮಕಾತಿ ಅಧಿಸೂಚನೆಗಳಲ್ಲಿ ವಿದ್ಯಾರ್ಹತೆಯ ಸಾಲನ್ನು ಈಗಲೇ ಓದಿಕೊಳ್ಳಿ. ಕೆಲವು ಹುದ್ದೆಗೆ ಪ್ಯಾರಾಮೆಡಿಕಲ್ ಬೋರ್ಡಿನ ಡಿಪ್ಲೊಮಾ ಎಂದೇ ಕೇಳುತ್ತಾರೆ.

ಇನ್ನು, ಕಲಿಯುವಾಗಲೇ ಸೋನೋಗ್ರಫಿ ಕಲಿಸುತ್ತೇವೆ ಎಂದು ಯಾವುದಾದರೂ ಸೆಂಟರಿನವರು ಕರೆದರೆ ಕಳಿಸಬೇಡಿ. ಬಸುರಿಯ ಹೊಟ್ಟೆ ಸ್ಕ್ಯಾನ್ ಮಾಡುವುದು ಅರ್ಹ ವೈದ್ಯರ ಕೆಲಸ. ಭ್ರೂಣಲಿಂಗ ಪತ್ತೆ ತಡೆಗೆ 1994ರ ಕಾಯ್ದೆ ಇದೆ, ಕೇಸು ಬಿದ್ದರೆ ಹುಡುಗಿಯ ಬಾಳು ಕೋರ್ಟಿನಲ್ಲೇ ಕಳೆಯುತ್ತದೆ.

– ನಿವೃತ್ತ ಶಿಕ್ಷಕರು, ಮುಧೋಳ

ಕಾಕಾ,

ಬೆಳಗಾವಿಯಲ್ಲಿ ಇದೇ ಕೋರ್ಸಿನ ಮೂರನೇ ವರ್ಷ ನನ್ನದು. ತಂಗಿ ಹತ್ತನೆಯವರೆಗೆ ಕನ್ನಡ ಮಾಧ್ಯಮ ಇದ್ದರೆ ಮೊದಲ ಆರು ತಿಂಗಳು ಅಳು ಬರುತ್ತದೆ, ನನಗೂ ಬಂತು. ಮಣಿಕಟ್ಟಿನಲ್ಲೇ ಎಂಟು ಎಲುಬು, ಎಲ್ಲದರ ಹೆಸರೂ ಇಂಗ್ಲಿಷಿನಲ್ಲಿ. ನಾವು ಹಾಸ್ಟೆಲಿನಲ್ಲಿ ಒಬ್ಬರ ಕೈ ಇನ್ನೊಬ್ಬರು ಹಿಡಿದು ಪೆನ್ನಿನಿಂದ ಬರೆದು ಕಲಿತೆವು. ಮರಾಠಿ ಬರದಿದ್ದರೂ "ಶ್ವಾಸ ಘ್ಯಾ, ಧರಾ, ಸೋಡಾ" ಮೊದಲ ವಾರದಲ್ಲೇ ಬಾಯಿಗೆ ಬರುತ್ತದೆ.

ಬೆಳಗಾವಿಯೇ ಆಗಬೇಕಂತಲೂ ಇಲ್ಲ. ವಿಜಯಪುರ, ಬಾಗಲಕೋಟೆಯಲ್ಲೂ ವೈದ್ಯಕೀಯ ಕಾಲೇಜುಗಳಿವೆ, ಜಮಖಂಡಿಯಿಂದ ಹೋಗಿಬರಲು ಅವೇ ಹತ್ತಿರ. ಎಲ್ಲಿ ಈ ಕೋರ್ಸ್ ಇದೆ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿವಿಗೆ ಸೇರಿದ್ದೋ ಡೀಮ್ಡ್ ವಿವಿಯದ್ದೋ ಕೇಳಿ. ಫೀಸು ಅದರ ಮೇಲೆ ಬದಲಾಗುತ್ತದೆ. ಹಿಂದುಳಿದ ವರ್ಗದವರಾದರೆ ಹಾಸ್ಟೆಲ್ ಸಿಗದಿದ್ದಾಗ ಸರ್ಕಾರದ ವಿದ್ಯಾಸಿರಿ ಸಹಾಯಧನಕ್ಕೆ ಅರ್ಜಿ ಹಾಕಬಹುದು.

ಬಿಲ್ಡಿಂಗ್ ನೋಡಿ ಮರುಳಾಗಬೇಡಿ. ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯೇ, ಸಿ.ಟಿ., ಎಂ.ಆರ್.ಐ. ಕೋಣೆಯೊಳಗೆ ವಿದ್ಯಾರ್ಥಿಗಳನ್ನು ಯಾವ ವರ್ಷದಿಂದ ಬಿಡುತ್ತಾರೆ, ಟಿಎಲ್‌ಡಿ ಬ್ಯಾಡ್ಜ್ ವಿದ್ಯಾರ್ಥಿಗಳಿಗೂ ಕೊಡುತ್ತಾರೆಯೇ, ಇಂಟರ್ನ್‌ಶಿಪ್‌ನಲ್ಲಿ ಸ್ಟೈಪೆಂಡ್ ಉಂಟೇ ಎಂದು ಕೇಳಿ. ಆಫೀಸಿನಲ್ಲಿ ಕೇಳಿದರೆ ಎಲ್ಲದಕ್ಕೂ ಹೌದು ಅಂತಾರೆ. ಸೋಮವಾರ ಓಪಿಡಿ ಹೊತ್ತಿಗೆ ತಂಗಿಯನ್ನೂ ಕರೆದುಕೊಂಡು ಬಂದು ಎಕ್ಸ್‌ರೇ ವಿಭಾಗದ ಹೊರಗಿನ ಬೆಂಚಿನಲ್ಲಿ ಕೂಡ್ರಿ. ಬಿಳಿ ಕೋಟು ಹಾಕಿಕೊಂಡು ಓಡಾಡುವ ನಮ್ಮಂಥವರನ್ನೇ ನಿಲ್ಲಿಸಿ ಕೇಳಿ.

– ವಿದ್ಯಾರ್ಥಿನಿ, ಬೆಳಗಾವಿ