ತೋಟದ ಮನೆಗೆ ಎಂಥ ನಾಯಿ?

ತೀರ್ಥಹಳ್ಳಿ ಸಮೀಪದಿಂದ ಪ್ರಶ್ನೆ: ಬೆಂಗಳೂರು ಬಿಟ್ಟು ಊರಿಗೆ ಮರಳಿದ್ದೇವೆ. ಅಡಿಕೆ ತೋಟದ ಒಂಟಿ ಮನೆ, ಹಿಂದೆಯೇ ಕಾಡು. ಮನೆಯಲ್ಲಿ ವಯಸ್ಸಾದ ಅತ್ತೆ, ಶಾಲೆಗೆ ಹೋಗುವ ಮಗಳು. ಕಾವಲಿಗೂ ಆಗಬೇಕು, ಮಗಳಿಗೆ ಜೊತೆಯೂ ಆಗಬೇಕು. ಮಗಳು ಹಸ್ಕಿ ಬೇಕು ಎನ್ನುತ್ತಾಳೆ, ನಮ್ಮವರಿಗೆ ಜರ್ಮನ್ ಶೆಫರ್ಡ್ ಇಷ್ಟ. ಸಾಕಿ ಅನುಭವ ಇರುವವರು ದಯವಿಟ್ಟು ತಿಳಿಸಿ.

ಹೊಸನಗರದಿಂದ: ನಮ್ಮ ಮನೆಯಲ್ಲಿ ನಾನು ಹುಟ್ಟುವ ಮೊದಲಿನಿಂದಲೂ ನಾಯಿಗಳಿವೆ. ಶೆಫರ್ಡ್, ಲ್ಯಾಬ್ರಡಾರ್, ಊರುನಾಯಿ ಮೂರರ ಜೊತೆಗೂ ಬಾಳಿದವಳಾಗಿ ಹೇಳುತ್ತೇನೆ. ಯಾವ ತಳಿಯಾದರೂ ಸರಿ, ಅದನ್ನು ಯಾವ ಕೆಲಸಕ್ಕೆಂದು ಬೆಳೆಸಿದರು ಎಂದು ಮೊದಲು ತಿಳಿದುಕೊಳ್ಳಿ. ಆ ಕೆಲಸ ನಿಮ್ಮಲ್ಲಿ ಇಲ್ಲದಿದ್ದರೂ ನಾಯಿ ಹುಡುಕಿಕೊಂಡು ಮಾಡುತ್ತದೆ. ಶೆಫರ್ಡ್ ಕುರಿಮಂದೆ ಕಾಯ್ದ ವಂಶ. ನಮ್ಮ ನಾಯಿ ಕೊಟ್ಟಿಗೆಯ ಕರುಗಳನ್ನು ಮಾತ್ರವಲ್ಲ, ಅಂಗಳದಲ್ಲಿ ಆಡುವ ಮಕ್ಕಳನ್ನೂ ಸುತ್ತುಹಾಕಿ ತುಳಸಿಕಟ್ಟೆಯ ಹತ್ತಿರ ಗುಂಪು ಮಾಡಿ ನಿಲ್ಲಿಸುತ್ತಿತ್ತು. ಮನೆಯವರೆಂದರೆ ಜೀವ ಬಿಡುವ ಪ್ರಾಣಿ, ಹೊರಗಿನವರನ್ನು ಮಾತ್ರ ಸಹಿಸದು. ಕೊಯ್ಲಿನ ಕಾಲದಲ್ಲಿ ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗಾರರು, ಅಡಿಕೆ ಸುಲಿಯುವವರು ಎಂದು ದಿನವೂ ಹೊಸ ಮುಖಗಳು ಬರುತ್ತವೆ. ಮರಿಯಾಗಿದ್ದಾಗಲೇ ಅವರ ಕೈಯಿಂದ ಅನ್ನ ಹಾಕಿಸಿ ರೂಢಿ ಮಾಡಿದ್ದರಿಂದ ನಾವು ನಿಭಾಯಿಸಿದೆವು. ಬೆಳಿಗ್ಗೆ ಸಂಜೆ ಅದನ್ನು ಓಡಾಡಿಸಿ, ತಿದ್ದಿ ಬೆಳೆಸುವವರು ಮನೆಯಲ್ಲಿ ಒಬ್ಬರಿದ್ದರೆ ಮಾತ್ರ ಶೆಫರ್ಡ್ ತನ್ನಿ. ಸೊಂಟದ ಕೀಲಿನ ತೊಂದರೆ ಈ ತಳಿಯಲ್ಲಿ ವಂಶಪಾರಂಪರ್ಯವಾಗಿ ಬರುತ್ತದೆ, ಆದ್ದರಿಂದ ಮರಿಯ ತಂದೆತಾಯಿ ಹೇಗೆ ನಡೆಯುತ್ತವೆ ಎಂದು ಕಣ್ಣಾರೆ ನೋಡಿ.

ಇನ್ನು ನಮ್ಮ ಮಳೆ. ಶೆಫರ್ಡ್‌ಗೆ ಎರಡು ಪದರದ ಕೂದಲು. ಬಚ್ಚಲೊಲೆಯ ಮುಂದೆ ಮಲಗಿಸಿ, ಹಳೆಯ ಪಂಚೆಯಲ್ಲಿ ಒರೆಸಿದ ಮೇಲೂ ಬೆರಳಿನಿಂದ ಕೂದಲು ಬಿಡಿಸಿ ನೋಡಿದರೆ ಬುಡದಲ್ಲಿ ತೇವ ಹಾಗೆಯೇ ಇರುತ್ತದೆ. ಅಲ್ಲಿಯೇ ಚರ್ಮ ಕೆಂಪಾಗಿ, ಕೆರೆದು ಕೆರೆದು ಹುಣ್ಣಾಗುತ್ತದೆ. ಹಸ್ಕಿಯಂತೂ ಸೈಬೀರಿಯಾದ ಹಿಮದಲ್ಲಿ ಜಾರುಬಂಡಿ ಎಳೆಯುವ ನಾಯಿ. ಏಪ್ರಿಲ್‌ನ ಸೆಕೆಗೂ ಜುಲೈನ ಜಡಿಮಳೆಗೂ ಅದನ್ನು ತಂದು ಕಟ್ಟಿಹಾಕುವುದು ಅನ್ಯಾಯ. ಮಗಳಿಗೆ ಹಾಗೆಯೇ ಬಿಡಿಸಿ ಹೇಳಿ, ಮಕ್ಕಳಿಗೆ ಅರ್ಥವಾಗುತ್ತದೆ.

ಶಿವಮೊಗ್ಗ ನಗರದಿಂದ: ಮಗುವಿಗೆ ಜೊತೆ ಬೇಕಾದರೆ ಲ್ಯಾಬ್ರಡಾರ್. ಕಾವಲನ್ನು ನಿರೀಕ್ಷಿಸಬೇಡಿ, ನಮ್ಮದು ಕೊರಿಯರ್ ಹುಡುಗನಿಗೂ ಬಾಲ ಅಲ್ಲಾಡಿಸುತ್ತದೆ. ನೀರು ಕಂಡರೆ ಬಿಡದು, ಕಿವಿ ಒದ್ದೆಯಾಗಿ ಸೋಂಕು ತಗಲುತ್ತದೆ, ಒರೆಸುತ್ತಿರಿ. ಹೊಟ್ಟೆ ತುಂಬಿತು ಎಂಬುದು ಅದಕ್ಕೆ ತಿಳಿಯದು. ಅತ್ತೆಯವರು ಅಕ್ಕರೆಯಿಂದ ದೋಸೆ ಹಾಕುತ್ತ ಹೋದರೆ ವರ್ಷದೊಳಗೆ ಬೊಜ್ಜು ಬಂದು ಕಾಲು ಕುಸಿಯುತ್ತದೆ.

ಸಾಗರದಿಂದ: ಮುಧೋಳ ನಾಯಿಯ ಬಗ್ಗೆಯೂ ಯಾರಾದರೂ ಹೇಳಿಯೇ ಹೇಳುತ್ತಾರೆ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ, ಸೇನೆಯೂ ತರಬೇತಿಗೆ ಆರಿಸಿಕೊಂಡ ನಮ್ಮದೇ ರಾಜ್ಯದ ತಳಿ, ನನಗೂ ಅದರ ಮೇಲೆ ಅಭಿಮಾನವಿದೆ. ಆದರೆ ಅದು ಬಾಗಲಕೋಟೆಯ ಬಯಲಿನ ನಾಯಿ. ಕಣ್ಣಿಗೆ ಬಿದ್ದ ಬೇಟೆಯ ಹಿಂದೆ ಓಡುವುದೇ ಅದರ ಸ್ವಭಾವ. ಅಕ್ಕನ ಮನೆಯ ಮುಧೋಳ ಮೊಲವೊಂದನ್ನು ಕಂಡು ಹೊರಟರೆ ಕೂಗು ಕೇಳಿಸುವುದೇ ಇಲ್ಲ, ತೋಟದ ಬಸಿಗಾಲುವೆಗಳನ್ನು ಹಾರಿ ಕಾಡು ಸೇರುತ್ತದೆ. ಪರರು ಮೈಮುಟ್ಟಿದರೆ ಹಿಂಜರಿಯುತ್ತದೆ. ಮೈಯಲ್ಲಿ ಕೊಬ್ಬೂ ಇಲ್ಲ, ಕೂದಲೂ ಇಲ್ಲ, ಮಳೆಗಾಲದ ಚಳಿಗೆ ನಡುಗುತ್ತದೆ.

ಸೊರಬದಿಂದ: ತಳಿಗಿಂತ ಮೊದಲು ಉಣುಗಿನ ಬಗ್ಗೆ ಯೋಚಿಸಿ. ಉಣುಗು ಕಚ್ಚಿ ಮನುಷ್ಯರಿಗೆ ಬರುವ ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ನಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಕಾಡು ಸುತ್ತಿ ಬಂದ ನಾಯಿಯ ಮೈಮೇಲೆ ಕಾಡಿನ ಉಣುಗು ಮನೆಯೊಳಕ್ಕೆ ಬರಬಹುದು. ಬೇಸಿಗೆಯಲ್ಲಿ ಪ್ರತಿದಿನ ಸಂಜೆ ಕಿವಿಯ ಒಳಮಡಿಕೆ, ಕಾಲ್ಬೆರಳುಗಳ ಸಂದು, ಕತ್ತುಪಟ್ಟಿಯ ಅಡಿ ನೋಡಿ. ಉಣುಗನ್ನು ಬರಿಗೈಯಲ್ಲಿ ಹಿಸುಕಬೇಡಿ, ಚಿಮುಟದಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರವಾಗಿ ಎಳೆಯಿರಿ. ನಾಯಿಗೇ ಬರುವ ಉಣುಗು ಜ್ವರ ಬೇರೆ ಇದೆ. ಊಟ ಬಿಟ್ಟು, ಒಸಡು ಬಿಳಿಚಿಕೊಂಡು, ಮೂಗಿನಲ್ಲಿ ರಕ್ತ ಬಂದರೆ ಅಂದೇ ಪಶುವೈದ್ಯರ ಬಳಿಗೆ ಹೊರಡಿ. ತೋಟಕ್ಕೆ ಹೊಡೆಯುವ ಕೀಟನಾಶಕವನ್ನು ಉಣುಗಿಗೆಂದು ನಾಯಿಯ ಮೈಗೆ ಹಚ್ಚುವವರಿದ್ದಾರೆ, ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ನಾಯಿ ಸತ್ತುಹೋಗುತ್ತದೆ.

ಕೊಪ್ಪದಿಂದ: ಊರುನಾಯಿಯನ್ನು ಯಾರೂ ಹೇಳಲಿಲ್ಲವಲ್ಲ! ಮಳೆ, ರಕ್ತ ಹೀರುವ ಇಂಬಳ, ಮಂಗ, ಹಂದಿ ಎಲ್ಲವನ್ನೂ ಬಲ್ಲದ್ದು ಅದೊಂದೇ. ನಮ್ಮ ಕೆಂದ ನಾಯಿ ಮಂಗನಿಗೆ ಬೊಗಳುವುದೇ ಬೇರೆ, ಹಾವಿಗೆ ಬೊಗಳುವುದೇ ಬೇರೆ. ಹಾವಾದರೆ ಒಂದೇ ಜಾಗದಲ್ಲಿ ನಿಂತು, ಹಿಂದೆ ಮುಂದೆ ಸರಿಯುತ್ತ ಬಿಡದೆ ಬೊಗಳುತ್ತದೆ, ಒಳಗಿರುವ ಅಮ್ಮ ಅಲ್ಲಿಂದಲೇ ಟಾರ್ಚ್ ತರಲು ಕೂಗುತ್ತಾರೆ. ಪರಿಚಯದ ಮನೆಯಿಂದ, ಎಂಟು ವಾರ ತುಂಬಿದ ಮರಿ ತನ್ನಿ. ಊರುನಾಯಿಗೆ ಲಸಿಕೆ ಏಕೆ ಎನ್ನುವವರ ಮಾತು ಕೇಳಬೇಡಿ, ಹುಚ್ಚುನಾಯಿ ರೋಗದ್ದು, ಮರಿಗಳಿಗೆ ವಾಂತಿಭೇದಿ ತರುವ ಪಾರ್ವೊದ್ದು ಎರಡೂ ಬೇಕೇಬೇಕು. ಚಿರತೆ ಓಡಾಡುವ ಕಡೆ ರಾತ್ರಿ ಜಗಲಿಯಲ್ಲಿ ಸರಪಳಿ ಹಾಕಿ ಬಿಡಬೇಡಿ, ಕಟ್ಟಿದ ನಾಯಿಗೆ ಓಡಲು ದಾರಿಯೇ ಇರುವುದಿಲ್ಲ. ಒಳಗೆ ಕರೆದುಕೊಂಡು ಬಾಗಿಲು ಹಾಕಿ.

ಹೊಸನಗರದಿಂದ ಮತ್ತೆ: ಕೊಪ್ಪದವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆ. ಒಂದು ವಿಷಯ ಬಿಟ್ಟುಹೋಗಿತ್ತು. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ದಿನ, ಯಾವ ನಾಯಿಯಾದರೂ ಸರಿ, ಮನೆಯೊಳಗೆ ಇರಲಿ. ಆ ಔಷಧಿಯಲ್ಲಿರುವ ಮೈಲುತುತ್ತ ನಾಯಿಗೆ ವಿಷ. ಡ್ರಮ್ಮಿನಲ್ಲಿ ಉಳಿದದ್ದನ್ನು ಮುಚ್ಚಿಡಿ, ತೊಳೆದ ನೀರು ಅಂಗಳದ ಗುಂಡಿಯಲ್ಲಿ ನಿಲ್ಲದಂತೆ ನೋಡಿಕೊಳ್ಳಿ.