ಏಜ್ ಆಫ್ ಎಂಪೈರ್ಸ್ 2: ಕಂಪ್ಯೂಟರ್ ಎದುರಾಳಿಯನ್ನು ಜೋರು ಮಾಡುವುದು ಹೇಗೆ?

ಪೆರ್ಲದ ಪದಾತಿ

ಎಲ್ಲರಿಗೂ ನಮಸ್ಕಾರ. ನಮ್ಮ ಪೆರ್ಲದಲ್ಲಿ ಮಳೆಗಾಲದ ಕತೆ ನಿಮಗೆ ಗೊತ್ತುಂಟಲ್ಲ, ಗಾಳಿಗೆ ಒಂದು ಅಡಿಕೆಯ ಕಂಗು ವಯರಿನ ಮೇಲೆ ಬಿದ್ದರೆ ನೆಟ್ ಯಾವಾಗ ಬರುತ್ತದೆಂದು ಹೇಳುವವರಿಲ್ಲ. ಹಾಗಾಗಿ ಆನ್‌ಲೈನ್ ಆಟ ನನಗೆ ಆಗಿಬರುವುದಿಲ್ಲ. ಕಲೆಕ್ಟರ್ ಶಾಲೆಗೆ ರಜೆ ಕೊಟ್ಟ ದಿನ ಅಳಿಯ ಪಕ್ಕದಲ್ಲಿ ಕೂರುತ್ತಾನೆ, ನಾವಿಬ್ಬರೂ ಸೇರಿ ಕಂಪ್ಯೂಟರನ್ನೇ ಎದುರಾಳಿ ಮಾಡಿಕೊಂಡು ಈ ಯುದ್ಧದ ಆಟ ಆಡುತ್ತೇವೆ.

ನಮ್ಮದು ಈ ಆಟದ ಹೊಸ ಆವೃತ್ತಿ, ಡೆಫಿನಿಟಿವ್ ಎಡಿಷನ್. 2022ರಲ್ಲಿ ಡೈನಾಸ್ಟೀಸ್ ಆಫ್ ಇಂಡಿಯಾ ಎಂಬ ಹೆಚ್ಚುವರಿ ಭಾಗ ಬಂದಮೇಲೆ ನಾನು ದ್ರವಿಡಿಯನ್ಸ್ ಬಿಟ್ಟು ಬೇರೆ ಪಕ್ಷ ತೆಗೆದುಕೊಂಡದ್ದೇ ಇಲ್ಲ. ಕಳರಿಯ ಬಳುಕುವ ಕತ್ತಿ ಉರುಮಿ ಹಿಡಿದ ಕಾಲಾಳು ನಮ್ಮ ಕಡೆಯಿಂದ ಹೊರಡುವುದನ್ನು ನೋಡುವುದೇ ಖುಷಿ. ಆದರೆ ಎದುರಾಳಿಯಲ್ಲಿ ಎಂತದೂ ಇಲ್ಲ. ಹಾರ್ಡ್ ಮಟ್ಟದಲ್ಲಿ ಅವನು ಬರುವ ಹೊತ್ತು, ಬರುವ ದಾರಿ, ತರುವ ಸೈನ್ಯ ಮೂರೂ ನಮಗೆ ಬಾಯಿಪಾಠ. "ಮಾವ, ಈಗ ಬರ್ತಾರೆ ನೋಡಿ" ಅಂತ ಅಳಿಯ ಹೇಳಿದ ಹಾಗೆಯೇ ಬರುತ್ತಾರೆ. ಅತಿ ಕಷ್ಟದ ಎಕ್ಸ್‌ಟ್ರೀಮ್ ಇಟ್ಟರೆ ಶುರುವಿನಲ್ಲಿ ಉಸಿರು ಕಟ್ಟುತ್ತದೆ, ಅಷ್ಟನ್ನು ದಾಟಿದರೆ ಮತ್ತೆ ಅದೇ ರಾಗ.

ಅವನಿಗೆ ಪುಕ್ಕಟೆ ಚಿನ್ನ ಕೊಟ್ಟು ಬಲ ಬರಿಸುವ ಉಪಾಯ ಬೇಡ. ನಾವು ಎಲ್ಲಿ ಸಡಿಲ ಇದ್ದೇವೆಂದು ನೋಡಿ ಬರುವ ಎದುರಾಳಿ ಬೇಕು. ನಾನು ಪ್ರೋಗ್ರಾಮಿಂಗ್ ಕಲಿತವನಲ್ಲ. ನೋಟ್‌ಪ್ಯಾಡಿನಲ್ಲಿ ತಿದ್ದಿ ಮಾಡುವಂಥದ್ದಾದರೆ ಕೂತು ಮಾಡುತ್ತೇನೆ. ಗೊತ್ತಿದ್ದವರು ಹೇಳಿ.

ಉಪ್ಪಳ ಬಂದರು

ಫೈಲ್ ಮುಟ್ಟುವ ಮೊದಲು ಮ್ಯಾಪ್ ಬದಲಿಸಿ ನೋಡಿ. ನೀವು ಬ್ಲ್ಯಾಕ್ ಫಾರೆಸ್ಟ್ ಆಡುವವರಿರಬೇಕು. ಅಲ್ಲಿ ಸುತ್ತ ಕಾಡು, ಸೈನ್ಯಕ್ಕೆ ದಾರಿ ಇರುವುದೇ ಒಂದೆರಡು. ಅದನ್ನು ಗೋಡೆಯಿಂದ ಮುಚ್ಚಿದರೆ ಯಾವ ಎದುರಾಳಿಯೂ ಬಾಯಿಪಾಠವೇ. ಬಯಲಿನ ಮ್ಯಾಪ್ ಅರೇಬಿಯಾ ಇಡಿ, ಇಬ್ಬರು ಕಂಪ್ಯೂಟರ್‌ಗಳನ್ನು ಒಂದೇ ತಂಡಕ್ಕೆ ಹಾಕಿ ಟೀಮ್ ಲಾಕ್ ಮಾಡಿ. ಎರಡು ಕಡೆಯಿಂದ ಬಂದಾಗ ಗೊತ್ತಾಗುತ್ತದೆ.

ನೀರ್ಚಾಲು ಅಣ್ಣ

ಪದಾತಿಯವರೇ, ಪುಕ್ಕಟೆ ಚಿನ್ನ ಬೇಡ ಅಂದಿರಲ್ಲ, ಆ ಮಾತು ನನಗೆ ಬಹಳ ಹಿಡಿಸಿತು. 1999ರ ಮೂಲ ಆಟದಲ್ಲಿ ಹಾರ್ಡೆಸ್ಟ್ ಮಟ್ಟದ ಕಂಪ್ಯೂಟರಿಗೆ ಹೆಚ್ಚುವರಿ ಆಹಾರ, ಮರ, ಚಿನ್ನ ಸಿಗುತ್ತಿತ್ತು. ಡೆಫಿನಿಟಿವ್ ಎಡಿಷನ್ನಿನದ್ದು ಎಕ್ಸ್‌ಟ್ರೀಮಿನಲ್ಲೂ ಆ ಮೋಸ ಇಲ್ಲದೆ ಆಡುತ್ತದೆ. ಎದುರಾಳಿ ಹೇಗೆ ಆಡಬೇಕೆಂದು ಬರೆಯುವ ಸ್ಕ್ರಿಪ್ಟಿನಲ್ಲಿ ಈಗಲೂ ಸಾಮಗ್ರಿ ಸುರಿಯುವ ಆಜ್ಞೆ ಇದೆ, ಸಿಸಿ-ಆ್ಯಡ್-ರಿಸೋರ್ಸ್ ಅಂತ. ಅದರ ಹತ್ತಿರ ಹೋಗಬೇಡಿ. ಸಿರಿವಂತ ಎದುರಾಳಿಯ ಎದುರು ಸೋತರೆ ಕಲಿಯಲಿಕ್ಕೆ ಏನೂ ಇರುವುದಿಲ್ಲ.

ಆಟದ ಫೋಲ್ಡರಿನಲ್ಲಿ ರಿಸೋರ್ಸಸ್, ಅದರೊಳಗೆ ಕಾಮನ್, ಅದರೊಳಗೆ ಎಐ ಎಂಬ ಫೋಲ್ಡರ್ ಉಂಟು. ಅಲ್ಲಿ ಒಂದೇ ಹೆಸರಿನ ಎರಡು ಫೈಲ್ ಮಾಡಿ, ಒಂದರ ಕೊನೆಗೆ ಡಾಟ್ ಎಐ, ಇನ್ನೊಂದರ ಕೊನೆಗೆ ಡಾಟ್ ಪರ್. ಮೊದಲನೆಯದು ಖಾಲಿ ಇರಲಿ, ಆಟಗಾರರ ಪಟ್ಟಿಯಲ್ಲಿ ಹೆಸರು ಕಾಣಲಿಕ್ಕೆ ಮಾತ್ರ ಅದು. ಬುದ್ಧಿ ಎಲ್ಲ ಡಾಟ್ ಪರ್‌ನಲ್ಲಿ. ಆಟದ ಜೊತೆ ಬಂದ ಫೈಲನ್ನು ತಿದ್ದಬೇಡಿ, ಅಪ್‌ಡೇಟ್ ಬಂದರೆ ನಿಮ್ಮ ಕೆಲಸ ಹೋಗುತ್ತದೆ.

ಒಂದು ನಿಯಮ ಹೀಗಿರುತ್ತದೆ. ಓದಲಿಕ್ಕೆ ಸುಲಭ ಆಗಲಿ ಎಂದು ಇಲ್ಲಿ ಕನ್ನಡ ಅಕ್ಷರದಲ್ಲಿ ಹಾಕಿದ್ದೇನೆ, ಫೈಲಿನಲ್ಲಿ ಇಂಗ್ಲಿಷಿನಲ್ಲೇ ಇರಬೇಕು:

(ಡೆಫ್‌ರೂಲ್
(ಯುನಿಟ್-ಟೈಪ್-ಕೌಂಟ್-ಟೋಟಲ್ ವಿಲೇಜರ್ < 100)
(ಕ್ಯಾನ್-ಟ್ರೇನ್ ವಿಲೇಜರ್)
=>
(ಟ್ರೇನ್ ವಿಲೇಜರ್))

ಹಳ್ಳಿಗರು 100ಕ್ಕಿಂತ ಕಡಿಮೆ ಇದ್ದು, ಇನ್ನೊಬ್ಬನನ್ನು ತಯಾರಿಸಲಿಕ್ಕೆ ಆಗುವುದಿದ್ದರೆ ತಯಾರಿಸು ಎಂದು ಇದರ ಅರ್ಥ. ಬಾಣದ ಮೇಲಿರುವುದು ಷರತ್ತು, ಕೆಳಗಿರುವುದು ಕೆಲಸ. ಭಾಗವತರು ಪದ ಎತ್ತುವ ತನಕ ವೇಷ ಕುಣಿಯುವುದಿಲ್ಲವಲ್ಲ, ಹಾಗೆಯೇ ಮೇಲಿನ ಎಲ್ಲ ಷರತ್ತೂ ಕೂಡಿಬಂದರೆ ಮಾತ್ರ ಕೆಳಗಿನದ್ದು ನಡೆಯುತ್ತದೆ. ಆಟ ಈ ನಿಯಮಗಳನ್ನು ಮೇಲಿನಿಂದ ಕೆಳಗೆ ಮತ್ತೆ ಮತ್ತೆ ಓದುತ್ತಲೇ ಇರುತ್ತದೆ. ಈ ಕೊನೆಯ ಮಾತು ಮರೆಯಬೇಡಿ, ಮುಂದಿನದ್ದೆಲ್ಲ ಅದರ ಮೇಲೆ ನಿಂತಿದೆ.

ದಾಳಿಗೆ ಅಟ್ಯಾಕ್-ನೌ ಎಂಬ ಆಜ್ಞೆ. ಅದನ್ನು ಷರತ್ತಿಲ್ಲದೆ ಬಿಟ್ಟರೆ ಪ್ರತಿ ಸುತ್ತಿನಲ್ಲೂ ಅದು ಓಡುತ್ತದೆ, ಬ್ಯಾರಕ್ಸಿನಿಂದ ಹೊರಬಿದ್ದ ಸೈನಿಕ ಒಬ್ಬೊಬ್ಬನೇ ನಿಮ್ಮ ಗೋಪುರದ ಬುಡಕ್ಕೆ ಬಂದು ಸಾಯುತ್ತಾನೆ. ಹಾಗಾಗಿ ಎರಡು ಷರತ್ತು ಹಾಕಿ: ಮಿಲಿಟರಿ-ಪಾಪ್ಯುಲೇಶನ್ 15ಕ್ಕಿಂತ ಕಡಿಮೆ ಇರಬಾರದು, ಮತ್ತು ಒಂದು ಟೈಮರ್ ಮುಗಿದಿರಬೇಕು. ದಾಳಿ ಹೊರಟ ಕೂಡಲೇ ಅದೇ ನಿಯಮದಲ್ಲಿ ಟೈಮರನ್ನು ನಿಲ್ಲಿಸಿ 180 ಸೆಕೆಂಡಿಗೆ ಪುನಃ ಶುರುಮಾಡಿ. ಎಸ್‌ಎನ್-ಪರ್ಸೆಂಟ್-ಅಟ್ಯಾಕ್-ಸೋಲ್ಜರ್ಸ್ ಅನ್ನು 75ಕ್ಕೆ ಇಡಿ, ಉಳಿದವರು ಮನೆ ಕಾಯಲಿ.

ಇನ್ನು ನೀವು ಕೇಳಿದ ಸಡಿಲ ನೋಡುವ ವಿಷಯ. ಪ್ಲೇಯರ್ಸ್-ಕರೆಂಟ್-ಏಜ್ ಎಂಬ ಷರತ್ತಿನಿಂದ ಎದುರಿನವ ಯಾವ ಯುಗದಲ್ಲಿದ್ದಾನೆಂದು ಕೇಳಬಹುದು. ಇದು ಮೋಸ ಅಲ್ಲ, ಯಾರಾದರೂ ಯುಗ ಬದಲಿಸಿದರೆ ಆಟ ನಮಗೂ ಹೇಳುತ್ತದೆ. ಮೂರನೆಯ ಯುಗವಾದ ಕ್ಯಾಸಲ್ ಏಜಿಗೆ ಹೋಗಲು 800 ಆಹಾರ, 200 ಚಿನ್ನ ಬೇಕು. ಅಷ್ಟನ್ನು ಕೂಡಿಡಲು ನೀವು ಸೈನ್ಯವನ್ನು ಕಡಿಮೆ ಮಾಡಿರುತ್ತೀರಿ. ಆದುದರಿಂದ ನೀವು ಕ್ಯಾಸಲ್ ಏಜ್ ಮುಟ್ಟಿದ ಕೂಡಲೇ ಹೊರಡುವ ದಾಳಿ ಒಂದಿರಲಿ, ನಿಮ್ಮ ಹೊಸ ಕಟ್ಟಡ ಏಳುವ ಮೊದಲೇ ಅದು ಬಾಗಿಲಿಗೆ ಬರುತ್ತದೆ.

ಆದರೆ ಅದನ್ನೂ ಅಳಿಯ ಎರಡು ದಿನದಲ್ಲಿ ಬಾಯಿಪಾಠ ಮಾಡುತ್ತಾನೆ. ಮದ್ದು ಜನರೇಟ್-ರಾಂಡಮ್-ನಂಬರ್. ಆಟದ ಶುರುವಿಗೆ ಒಮ್ಮೆ 3 ಕೊಟ್ಟು ಓಡಿಸಿ, ಆ ನಿಯಮ ಮತ್ತೆ ಓಡದ ಹಾಗೆ ಕೆಳಗೆ ಡಿಸೇಬಲ್-ಸೆಲ್ಫ್ ಹಾಕಿ. ಒಂದು ಬಂದರೆ ಎರಡನೆಯ ಯುಗ ಫ್ಯೂಡಲಿನಲ್ಲೇ ಬಿಲ್ಲಾಳುಗಳು, ಎರಡು ಬಂದರೆ ಕ್ಯಾಸಲ್ ತನಕ ಮೌನ, ಮೂರು ಬಂದರೆ ಶುರುವಿನಿಂದಲೂ ಸಣ್ಣ ಸಣ್ಣ ಕಿರುಕುಳ. ಯಾವುದು ಬಂದಿದೆಯೆಂದು ಬರೆದ ನಿಮಗೂ ತಿಳಿಯುವುದಿಲ್ಲ.

ಇದೆಲ್ಲ ನಡೆಯಬೇಕಾದರೆ ಹೊಟ್ಟೆ ಗಟ್ಟಿ ಇರಬೇಕು. ಹಳ್ಳಿಗರಲ್ಲಿ ಎಷ್ಟು ಮಂದಿ ಏನು ತರಬೇಕೆಂಬ ಶೇಕಡಾ ಸಂಖ್ಯೆಗಳಿವೆ, ಆಹಾರ, ಮರ, ಚಿನ್ನ, ಕಲ್ಲು ನಾಲ್ಕೂ ಸೇರಿ 100 ಆಗಬೇಕು. ಮೊದಲಿಗೆ ಆಹಾರ 75, ಮರ 25. ಬಿಲ್ಲಾಳಿಗೆ 25 ಮರ, 45 ಚಿನ್ನ ಬೇಕಾದ್ದರಿಂದ ಫ್ಯೂಡಲಿಗೆ ಹೊರಟ ಕೂಡಲೇ ಆಹಾರ 40, ಮರ 40, ಚಿನ್ನ 20 ಮಾಡಿ. ಸೈನ್ಯ ತಯಾರಿಸುತ್ತಲೇ ಇದ್ದರೆ ಕ್ಯಾಸಲಿಗೆ 800 ಆಹಾರ ಕೂಡುವುದೇ ಇಲ್ಲ. ಸೆಟ್-ಎಸ್ಕ್ರೋ-ಪರ್ಸೆಂಟೇಜ್ ಹಾಕಿ ಆಹಾರದ ಒಂದು ಪಾಲನ್ನು ಬೇರೆ ತೆಗೆದಿಡಿ, ಹೊತ್ತು ಬಂದಾಗ ರಿಲೀಸ್-ಎಸ್ಕ್ರೋ. ಸ್ವಂತವಾಗಿ ಬರೆದ ಬಹುಪಾಲು ಎದುರಾಳಿಗಳು ಸೋಲುವುದು ಇಲ್ಲೇ, ಯುದ್ಧದಲ್ಲಲ್ಲ.

ಆವರಣ ಚಿಹ್ನೆ ಒಂದು ಬಿಟ್ಟರೂ ಆಟ ಶುರುವಾಗುವಾಗ ಸಾಲಿನ ಸಂಖ್ಯೆ ಸಮೇತ ತಪ್ಪು ತೋರಿಸುತ್ತದೆ. ಹೆದರಬೇಡಿ.

ಮುಳ್ಳೇರಿಯ ಟೀಚರ್

ಅಣ್ಣ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಮಕ್ಕಳೂ ಆಡುವ ಮನೆಯಲ್ಲಿ ಒಂದೇ ಫೈಲಿನಲ್ಲಿ ಸುಲಭದ ದಾರಿಯೂ ಇರಲಿ. ಡಿಫಿಕಲ್ಟಿ ಎಂಬ ಷರತ್ತಿನಲ್ಲಿ ಮಟ್ಟವನ್ನು ಕೇಳಬಹುದು, ಆದರೆ ಅಲ್ಲಿ ಕ್ರಮ ತಿರುಗುಮುರುಗು: ಈಸಿಯೆಸ್ಟ್ ದೊಡ್ಡದು, ಹಾರ್ಡೆಸ್ಟ್ ಚಿಕ್ಕದು. ಹಾರ್ಡ್ ಮತ್ತು ಅದಕ್ಕಿಂತ ಕಷ್ಟದ್ದಕ್ಕೆ ಮಾತ್ರ ನಿಯಮ ಬೇಕಿದ್ದರೆ "ಹಾರ್ಡ್‌ಗಿಂತ ಕಡಿಮೆ ಅಥವಾ ಸಮ" ಎಂದು ಬರೆಯಬೇಕು. ನಮ್ಮಲ್ಲಿ ಮಗಳು ಮಾಡರೇಟ್ ಇಟ್ಟರೆ ಕ್ಯಾಸಲ್ ಏಜಿನ ಆ ದಾಳಿ ಹೊರಡುವುದೇ ಇಲ್ಲ, ನಾನು ಹಾರ್ಡ್ ಇಟ್ಟರೆ ಹೊರಡುತ್ತದೆ.

ಪೆರ್ಲದ ಪದಾತಿ

ಅಣ್ಣಾ, ಟೀಚರ್, ತುಂಬ ಉಪಕಾರ ಆಯಿತು. ನಿನ್ನೆ ಕರೆಂಟ್ ಇದ್ದಷ್ಟು ಹೊತ್ತು ಕೂತು ಬರೆದೆ. ಎಸ್ಕ್ರೋ ಹಾಕಿದ ಮೇಲೆ ಎದುರಾಳಿ ಬೇರೆ ಮನುಷ್ಯನೇ ಆಗಿಬಿಟ್ಟಿದ್ದಾನೆ. ನಾವು ಕ್ಯಾಸಲ್ ಏಜ್ ತಲುಪಿ ದ್ರವಿಡಿಯನ್ಸಿಗೆ ಸಿಗುವ 200 ಮರವನ್ನು ಖರ್ಚು ಮಾಡುವುದರೊಳಗೆ ಬಿಲ್ಲಾಳುಗಳು ಮರ ಕಡಿಯುವ ಜಾಗಕ್ಕೇ ನುಗ್ಗಿದರು. ಅಳಿಯ ಎದ್ದು ನಿಂತು ಆಡಿದ. ಉಪ್ಪಳದವರು ಹೇಳಿದ ಹಾಗೆ ಅರೇಬಿಯಾದಲ್ಲೇ ಆಡಿದ್ದು, ದಾರಿಯೂ ಪ್ರತಿ ಸಲ ಬೇರೆ.

ಇನ್ನೊಂದು ಕೇಳಲಿಕ್ಕುಂಟು. ಐಲ್ಯಾಂಡ್ಸ್ ಮ್ಯಾಪಿನಲ್ಲಿ ಇದೇ ಫೈಲ್ ನಡೆಯುತ್ತದಾ? ನನಗೆ ದ್ರವಿಡಿಯನ್ಸಿನ ಯುದ್ಧನೌಕೆ ತಿರಿಸಡೈಗಳನ್ನು ಇಳಿಸಿ ಆಡುವ ಆಸೆ.

ನೀರ್ಚಾಲು ಅಣ್ಣ

ನಡೆಯುವುದಿಲ್ಲ, ಸೈನ್ಯ ದಡದಲ್ಲೇ ನಿಲ್ಲುತ್ತದೆ. ಡಾಕ್ ಕಟ್ಟುವ ನಿಯಮ, ಮೀನಿನ ದೋಣಿಗಳಿಗೆ ಒಂದು, ಯುದ್ಧದ ಹಡಗಿಗೆ ಒಂದು ಬೇರೆ ಬೇರೆ ಬರೆಯಬೇಕು. ಹಡಗುಗಳ ಗುಂಪಿಗೆ ಎಸ್‌ಎನ್-ಮಿನಿಮಮ್-ಬೋಟ್-ಅಟ್ಯಾಕ್-ಗ್ರೂಪ್-ಸೈಜ್ ಅಂತ ಪ್ರತ್ಯೇಕ ಸಂಖ್ಯೆ ಉಂಟು, ಅದನ್ನು 5ರಿಂದ ಶುರುಮಾಡಿ. ಸೈನ್ಯವನ್ನು ಹಡಗಿಗೆ ಹತ್ತಿಸಿ ದ್ವೀಪಕ್ಕೆ ಇಳಿಸುವುದು ಕಷ್ಟದ ಕೆಲಸ, ಅದನ್ನು ಸದ್ಯಕ್ಕೆ ಬಿಡಿ. ಮೊದಲು ನಿಮ್ಮ ಮೀನುಗಾರರನ್ನು ಅವನು ಹುಡುಕಿಕೊಂಡು ಬರುವ ಹಾಗೆ ಮಾಡಿ. ನಿಮ್ಮ ಫೈಲ್ ಇಲ್ಲಿ ಹಾಕಿದರೆ ಆ ನಿಯಮಗಳನ್ನು ನಾನೇ ಸೇರಿಸಿ ಕೊಡುತ್ತೇನೆ.