ಪಿಚ್ ಕ್ಲಾಕ್ ಬಂದ ಮೇಲೆ ಬೇಸ್‌ಬಾಲ್ ಚುರುಕಾಯಿತಷ್ಟೆಯೇ, ಆಟವೇ ಬದಲಾಯಿತೇ?

ಪ್ರಶ್ನೆ: ಮಿಚಿಗನ್ ಮೈಸೂರಿಗ

ಎಲ್ಲರಿಗೂ ನಮಸ್ಕಾರ. ಡೆಟ್ರಾಯಿಟ್ ಸಮೀಪದಲ್ಲಿ ನೆಲೆಸಿರುವ ನಾನು ಹಲವು ವರ್ಷಗಳಿಂದ ಟೈಗರ್ಸ್ ತಂಡದ ಪಂದ್ಯಗಳನ್ನು ನೋಡುತ್ತಾ ಬಂದಿದ್ದೇನೆ. 2022ರವರೆಗೆ ಒಂದು ಪಂದ್ಯಕ್ಕೆ ಮೂರು ಗಂಟೆಯನ್ನಾದರೂ ಮೀಸಲಿಡಬೇಕಾಗುತ್ತಿತ್ತು. 2023ರಲ್ಲಿ ಅಮೆರಿಕದ ಅಗ್ರ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್, ಚೆಂಡು ಎಸೆಯುವ ಪಿಚರ್‌ಗೆ ಪ್ರತಿ ಎಸೆತಕ್ಕೂ ಸಮಯದ ಮಿತಿ ಹಾಕುವ ಪಿಚ್ ಕ್ಲಾಕ್ ತಂದ ಮೇಲೆ ವಾರದ ದಿನದ ರಾತ್ರಿ ಪಂದ್ಯವನ್ನೂ ಪೂರ್ತಿ ನೋಡಿ ಹೊತ್ತಿಗೆ ಸರಿಯಾಗಿ ಮಲಗಲು ಸಾಧ್ಯವಾಗಿದೆ. ನನಗಂತೂ ಇದು ಹಿಡಿಸಿದೆ. ಆದರೆ ನನ್ನ ಹಿರಿಯ ಸಹೋದ್ಯೋಗಿಯೊಬ್ಬರು, ಗಡಿಯಾರದ ಹಂಗಿಲ್ಲದಿರುವುದೇ ಈ ಆಟದ ಹೆಗ್ಗಳಿಕೆಯಾಗಿತ್ತು, ಈಗ ಅದನ್ನೇ ಕಿತ್ತುಕೊಂಡಿದ್ದಾರೆ ಎಂದು ಇಂದಿಗೂ ಕೊರಗುತ್ತಾರೆ. ಪಿಚರ್‌ಗಳ ಮೊಣಕೈ ಗಾಯಗಳಿಗೂ ಈ ಅವಸರವೇ ಕಾರಣ ಎಂಬುದು ಅವರ ಖಚಿತ ಅಭಿಪ್ರಾಯ.

ತಿಳಿದವರಲ್ಲಿ ಕೇಳುವುದು ಇಷ್ಟೇ. ಉಳಿದ ಸಮಯ ನಿಜವಾಗಿ ಎಲ್ಲಿಂದ ಉಳಿಯಿತು? ಅದರ ಜೊತೆಗೆ ಆಟದ ತಂತ್ರವೂ ಬದಲಾಯಿತೇ? ಗಾಯಗಳ ಆರೋಪದಲ್ಲಿ ಹುರುಳಿದೆಯೇ?

ಉತ್ತರ: ಮೂರನೇ ಬೇಸ್

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಆಟದಿಂದ ಏನನ್ನೂ ಕಡಿತ ಮಾಡಿಲ್ಲ. ಇನ್ನಿಂಗ್ಸ್ ಒಂಬತ್ತೇ, ಒಂದು ತಂಡದ ಔಟ್‌ಗಳು ಇಪ್ಪತ್ತೇಳೇ. ಕಡಿಮೆಯಾದದ್ದು ಎರಡು ಎಸೆತಗಳ ನಡುವಿನ ಬಿಡುವು. ಒಂದು ಪಂದ್ಯದಲ್ಲಿ ಎರಡೂ ತಂಡಗಳಿಂದ ಹೆಚ್ಚುಕಡಿಮೆ ಮುನ್ನೂರು ಎಸೆತಗಳಿರುತ್ತವೆ. ಒಂದೊಂದಕ್ಕೂ ಐದು ಸೆಕೆಂಡ್ ಉಳಿದರೆ ಸಾಕು, 25 ನಿಮಿಷ ಉಳಿಯುತ್ತದೆ. ನಡೆದದ್ದೂ ಅದೇ. ಒಂಬತ್ತು ಇನ್ನಿಂಗ್ಸ್‌ಗಳ ಪಂದ್ಯದ ಸರಾಸರಿ ಅವಧಿ 2021ರಲ್ಲಿ 3 ಗಂಟೆ 10 ನಿಮಿಷದಷ್ಟಿದ್ದದ್ದು 2023ರಲ್ಲಿ ಸುಮಾರು 2 ಗಂಟೆ 40 ನಿಮಿಷಕ್ಕೆ ಇಳಿಯಿತು. ಸರಾಸರಿಗಿಂತಲೂ ಕಣ್ಣಿಗೆ ಹೊಡೆಯುವ ಲೆಕ್ಕ ಇನ್ನೊಂದಿದೆ: ಮೂರೂವರೆ ಗಂಟೆ ಅಥವಾ ಅದಕ್ಕೂ ಹೆಚ್ಚು ಎಳೆದ ಒಂಬತ್ತು ಇನ್ನಿಂಗ್ಸ್‌ಗಳ ಪಂದ್ಯಗಳು 2021ರಲ್ಲಿ 391 ಇದ್ದವು, 2023ರಲ್ಲಿ ಕೇವಲ 9.

ನಿಯಮ ಹೀಗಿದೆ. ಬೇಸ್‌ಗಳು, ಅಂದರೆ ರನ್ನರ್‌ಗಳು ಓಡಿ ತಲುಪುವ ಠಾಣೆಗಳು, ಖಾಲಿಯಿದ್ದರೆ ಪಿಚರ್ 15 ಸೆಕೆಂಡ್‌ಗಳೊಳಗೆ ಎಸೆತಕ್ಕೆ ತೊಡಗಬೇಕು. ರನ್ನರ್ ಇದ್ದರೆ 2023ರಲ್ಲಿ 20 ಸೆಕೆಂಡ್ ಇತ್ತು, ಮರುವರ್ಷದಿಂದ 18. ಗಡಿಯಾರದಲ್ಲಿ 8 ಸೆಕೆಂಡ್ ಉಳಿದಿರುವಾಗ ಬ್ಯಾಟರ್ ತನ್ನ ಜಾಗದಲ್ಲಿ ನಿಂತು ಪಿಚರ್‌ನತ್ತ ನೋಡುತ್ತಿರಬೇಕು. ಪಿಚರ್ ತಪ್ಪಿದರೆ ಒಂದು ಬಾಲ್, ಬ್ಯಾಟರ್ ತಪ್ಪಿದರೆ ಒಂದು ಸ್ಟ್ರೈಕ್ (ನಾಲ್ಕು ಬಾಲ್ ಆದರೆ ಬ್ಯಾಟರ್‌ಗೆ ಮೊದಲ ಬೇಸ್ ಪುಕ್ಕಟೆ, ಮೂರು ಸ್ಟ್ರೈಕ್ ಆದರೆ ಆತ ಔಟ್). ಪ್ರತಿ ಎಸೆತದ ನಂತರವೂ ಹೊರಗೆ ಬಂದು, ಎರಡೂ ಗ್ಲೌಸುಗಳ ಪಟ್ಟಿ ಬಿಚ್ಚಿ ಮತ್ತೆ ಬಿಗಿದು, ಬೂಟಿನ ತುದಿಯಿಂದ ಮಣ್ಣು ಕೆದಕಿ, ಆಮೇಲೆ ಬ್ಯಾಟ್ ಎತ್ತುತ್ತಿದ್ದವರಿಗೆ ಈಗ ಒಂದು ಸರದಿಗೆ ಒಂದೇ ಒಂದು ಟೈಮ್‌ಔಟ್ ಸಿಗುತ್ತದೆ.

ಎರಡನೆಯ ಪ್ರಶ್ನೆಯೇ ನಿಜವಾಗಿ ಸ್ವಾರಸ್ಯದ್ದು. ಗಡಿಯಾರದ ಬಗ್ಗೆ ಎಲ್ಲರೂ ಮಾತನಾಡುತ್ತಾರೆ, ಆದರೆ ಆಟದ ಒಳಗನ್ನು ಬದಲಿಸಿದ್ದು ಅದರ ಬೆನ್ನಿಗೇ ಬಂದ ಇನ್ನೊಂದು ನಿಯಮವೆಂದು ನನ್ನ ಅಭಿಪ್ರಾಯ. ಬರೀ ಗಡಿಯಾರವಿಟ್ಟಿದ್ದರೆ, ಹೊತ್ತು ಮುಗಿಯುತ್ತಿದ್ದಂತೆ ಪಿಚರ್ ಮೊದಲ ಬೇಸಿಗೆ ಸುಮ್ಮನೆ ಚೆಂಡು ಎಸೆದೋ, ಮೌಂಡಿನ (ಪಿಚರ್ ನಿಲ್ಲುವ ದಿಬ್ಬ) ರಬ್ಬರ್ ಪಟ್ಟಿಯಿಂದ ಕಾಲು ತೆಗೆದೋ ಅದನ್ನು ಮತ್ತೆ ಮೊದಲಿನಿಂದ ಓಡಿಸಬಹುದಿತ್ತು. ಹಾಗಾಗದಿರಲೆಂದು ಒಬ್ಬ ಬ್ಯಾಟರ್‌ನ ಸರದಿಯಲ್ಲಿ ಇಂತಹ ಅವಕಾಶವನ್ನು ಎರಡಕ್ಕೆ ಮಿತಿಗೊಳಿಸಿದರು. ಮೂರನೆಯ ಸಲ ಎಸೆದು ರನ್ನರ್‌ನನ್ನು ಔಟ್ ಮಾಡಲಾಗದಿದ್ದರೆ ಅದು ಬಾಕ್, ಅಂದರೆ ಪಿಚರ್‌ನ ನಿಯಮಬಾಹಿರ ನಡೆ. ರನ್ನರ್ ಮುಂದಿನ ಬೇಸಿಗೆ ನಡೆದುಕೊಂಡೇ ಹೋಗುತ್ತಾನೆ. ಇದರ ಪರಿಣಾಮವನ್ನು ಮೈದಾನದಲ್ಲಿ ಗಮನಿಸಿ: ಪಿಚರ್ ಎರಡು ಸಲ ಎಸೆದು ಮುಗಿಸಿದ ಕೂಡಲೇ ಮೊದಲ ಬೇಸಿನಲ್ಲಿರುವವನು ಇನ್ನೊಂದು ಹೆಜ್ಜೆ ಮುಂದಕ್ಕೆ ಸರಿಯುತ್ತಾನೆ, ಮತ್ತು ಅದು ಪಿಚರ್‌ಗೂ ಕಾಣುತ್ತದೆ. ಬೇಸ್‌ಗಳ ಅಳತೆಯನ್ನು 15 ಇಂಚಿನಿಂದ 18ಕ್ಕೆ ಹಿಗ್ಗಿಸಿದ್ದರಿಂದ ಮೊದಲ ಮತ್ತು ಎರಡನೆಯ ಬೇಸ್‌ಗಳ ನಡುವೆ ನಾಲ್ಕೂವರೆ ಇಂಚು ಕಡಿಮೆಯಾಯಿತು. ಬೇಸ್ ಕದಿಯುವಾಗ, ಅಂದರೆ ಪಿಚರ್ ಎಸೆಯುತ್ತಿರುವಾಗಲೇ ರನ್ನರ್ ಮುಂದಿನ ಬೇಸಿಗೆ ಓಡುವಾಗ, ಔಟೋ ಅಲ್ಲವೋ ಎಂಬುದು ಎಷ್ಟೋ ಸಲ ಅಷ್ಟರಲ್ಲೇ ತೀರ್ಮಾನವಾಗುತ್ತದೆ. 2022ರಲ್ಲಿ 2,486 ಇದ್ದ ಕದ್ದ ಬೇಸ್‌ಗಳ ಸಂಖ್ಯೆ 2023ರಲ್ಲಿ 3,503ಕ್ಕೆ ಏರಿತು. ಪ್ರಯತ್ನಗಳಲ್ಲಿ ಯಶಸ್ಸು ಶೇಕಡ 80ನ್ನು ದಾಟಿತು. ಅಟ್ಲಾಂಟಾದ ರೊನಾಲ್ಡ್ ಅಕುನ್ಯಾ ಅದೇ ವರ್ಷ 41 ಹೋಮ್ ರನ್‌ಗಳ ಜೊತೆಗೆ 73 ಬೇಸ್ ಕದ್ದರು, ಮರುವರ್ಷ ಶೋಹೆಯ್ ಒಟಾನಿ 54 ಹೋಮ್ ರನ್‌ಗಳ ಜೊತೆಗೆ 59.

ಇನ್‌ಫೀಲ್ಡರ್‌ಗಳನ್ನೆಲ್ಲ ಒಂದೇ ಬದಿಗೆ ಸರಿಸುವ ಶಿಫ್ಟ್‌ಗೆ ಅದೇ 2023ರಲ್ಲಿ ಹಾಕಿದ ನಿಷೇಧದಿಂದ ಅಷ್ಟೇನೂ ಆಗಲಿಲ್ಲ. ಒಟ್ಟಾರೆ ಬ್ಯಾಟಿಂಗ್ ಸರಾಸರಿ (ಬ್ಯಾಟ್ ಮಾಡಿದ ಸರದಿಗಳಲ್ಲಿ ಹಿಟ್ ಆದವುಗಳ ಪ್ರಮಾಣ) .243ರಿಂದ .248ಕ್ಕೆ ಏರಿ, 2024ರಲ್ಲಿ ಮತ್ತೆ .243ಕ್ಕೇ ಬಂದು ನಿಂತಿತು.

ಉತ್ತರ: ಎಡಗೈ ಎಸೆತಗಾರ

ಗಾಯಗಳ ವಿಷಯದಲ್ಲಿ ನಿಮ್ಮ ಸಹೋದ್ಯೋಗಿಯ ಮಾತನ್ನು ಪೂರ್ತಿ ತಳ್ಳಿಹಾಕಲಾಗದು, ಪೂರ್ತಿ ಒಪ್ಪಲೂ ಆಗದು. 2024ರ ಏಪ್ರಿಲ್‌ನಲ್ಲಿ ಶೇನ್ ಬೀಬರ್, ಸ್ಪೆನ್ಸರ್ ಸ್ಟ್ರೈಡರ್ ಮೊದಲಾದ ಹೆಸರಾಂತ ಪಿಚರ್‌ಗಳ ಮೊಣಕೈ ಗಾಯದ ಸುದ್ದಿ ಒಂದರ ಹಿಂದೊಂದು ಬಂದಾಗ, ಆಟಗಾರರ ಸಂಘದ ಮುಖ್ಯಸ್ಥರಾಗಿದ್ದ ಟೋನಿ ಕ್ಲಾರ್ಕ್ ಅವರು ಚೇತರಿಕೆಯ ಸಮಯವನ್ನು ಕಡಿತಗೊಳಿಸಿದ್ದರ ಬಗ್ಗೆ ಬಹಿರಂಗವಾಗಿಯೇ ಆಕ್ಷೇಪಿಸಿದರು. ಗಡಿಯಾರಕ್ಕೂ ಗಾಯಕ್ಕೂ ನಂಟಿದೆ ಎನ್ನಲು ಪುರಾವೆಯಿಲ್ಲ ಎಂಬುದು ಲೀಗಿನ ಉತ್ತರವಾಗಿತ್ತು. ಲೀಗ್ ಅದೇ ಡಿಸೆಂಬರ್‌ನಲ್ಲಿ ಪ್ರಕಟಿಸಿದ ದೀರ್ಘ ವರದಿ ಮುಖ್ಯವಾಗಿ ಬೊಟ್ಟು ಮಾಡಿದ್ದು ಎಸೆತದ ವೇಗದ ಕಡೆಗೆ, ಚೆಂಡಿಗೆ ಹೆಚ್ಚು ತಿರುವು ಕೊಡುವ ಹಂಬಲದ ಕಡೆಗೆ ಮತ್ತು ಪ್ರತಿ ಎಸೆತಕ್ಕೂ ಪೂರ್ಣ ಬಲ ಹಾಕುವ ರೂಢಿಯ ಕಡೆಗೆ. ಫಾಸ್ಟ್‌ಬಾಲ್‌ನ ಸರಾಸರಿ ವೇಗ 2008ರಲ್ಲಿ ಗಂಟೆಗೆ 91 ಮೈಲಿಯ ಆಸುಪಾಸಿನಲ್ಲಿದ್ದದ್ದು 2024ರ ಹೊತ್ತಿಗೆ 94 ದಾಟಿತ್ತು.

ಗಾಯಗಳ ಏರಿಕೆ 2023ಕ್ಕಿಂತ ಬಹಳ ಮುಂಚೆಯೇ ಆರಂಭವಾಗಿದ್ದರಿಂದ ಗಡಿಯಾರವನ್ನು ಮೂಲ ಕಾರಣವೆನ್ನಲಾಗದು. ಆದರೆ ಲೀಗ್ ತನ್ನದೇ ನಿಯಮದ ಬಗ್ಗೆ ತಾನೇ ಕೊಟ್ಟ ತೀರ್ಪನ್ನು ಅಂತಿಮವೆಂದು ಒಪ್ಪಲೂ ನನಗೆ ಮನಸ್ಸಿಲ್ಲ. ಗಂಟೆಗೆ 98 ಮೈಲಿ ವೇಗದಲ್ಲಿ ಎಸೆದವನ ಮುಂಗೈ ಸ್ನಾಯುಗಳು ದಣಿದಷ್ಟೂ ಮೊಣಕೈಯ ಅಸ್ಥಿರಜ್ಜುವಿನ ಮೇಲೆ ಭಾರ ಹೆಚ್ಚು ಬೀಳುತ್ತದೆ. ಆ ದಣಿವಾರಿಸಿಕೊಳ್ಳುವ ಹೊತ್ತನ್ನೇ ಮೊಟಕುಗೊಳಿಸಿ ಏನೂ ಆಗುವುದಿಲ್ಲವೆಂದು ಹೇಳುವುದಾದರೆ ಅದನ್ನು ಸಾಬೀತುಪಡಿಸುವ ಹೊಣೆ ಹೇಳುವವರ ಮೇಲಿದೆ. ಅದರಲ್ಲೂ 20 ಸೆಕೆಂಡನ್ನು 18ಕ್ಕೆ ಇಳಿಸಿದ್ದನ್ನು ನಾನು ಒಪ್ಪಲಾರೆ. ನಿಯಮಗಳನ್ನು ತೀರ್ಮಾನಿಸುವ ಹನ್ನೊಂದು ಜನರ ಸಮಿತಿಯಲ್ಲಿ ಆರು ಮಂದಿ ತಂಡಗಳ ಮಾಲೀಕರ ಕಡೆಯವರು, ಆಟಗಾರರು ನಾಲ್ವರು, ಅಂಪೈರ್ ಒಬ್ಬರು. 2022ರಲ್ಲಿ ಗಡಿಯಾರಕ್ಕೆ ಒಪ್ಪಿಗೆ ಕೊಟ್ಟಾಗಲೂ ಆಟಗಾರರ ಮತ ವಿರುದ್ಧವಾಗಿತ್ತು ಎಂಬುದನ್ನು ಮರೆಯಬಾರದು.

ಉತ್ತರ: ಬಿಸಿಲು ಗ್ಯಾಲರಿ

ಗಡಿಯಾರವಿಲ್ಲದ ಆಟದ ಹೆಗ್ಗಳಿಕೆಯ ಬಗ್ಗೆ ಒಂದು ಮಾತು. ನಿಯಮ ತಿದ್ದುವುದು ಬೇಸ್‌ಬಾಲಿಗೆ ಹೊಸತಲ್ಲ. 1968ರಲ್ಲಿ ಪಿಚರ್ ಬಾಬ್ ಗಿಬ್ಸನ್ ಅವರ ಇಆರ್‌ಎ (ಒಂಬತ್ತು ಇನ್ನಿಂಗ್ಸ್‌ಗೆ ಪಿಚರ್ ಬಿಟ್ಟುಕೊಡುವ ರನ್‌ಗಳ ಸರಾಸರಿ) 1.12ಕ್ಕೆ ಇಳಿದು, ಮೇಜರ್ ಲೀಗಿನ ಎರಡು ವಿಭಾಗಗಳಲ್ಲಿ ಒಂದಾದ ಅಮೆರಿಕನ್ ಲೀಗಿನಲ್ಲಿ .301 ಸರಾಸರಿಯೇ ಬ್ಯಾಟಿಂಗ್ ಪ್ರಶಸ್ತಿಗೆ ಸಾಕಾದಾಗ, ಪಿಚರ್‌ಗಳ ಮೇಲುಗೈ ತಗ್ಗಿಸಲೆಂದು ಮರುವರ್ಷವೇ ಮೌಂಡಿನ ಎತ್ತರವನ್ನು 15 ಇಂಚಿನಿಂದ 10ಕ್ಕೆ ತಗ್ಗಿಸಿದರು. ಪಿಚರ್ ಬದಲಿಗೆ ಇನ್ನೊಬ್ಬ ಬ್ಯಾಟ್ ಮಾಡುವ ಪದ್ಧತಿ 1973ರಲ್ಲಿ ಅಮೆರಿಕನ್ ಲೀಗಿಗೆ ಬಂತು. ಇವುಗಳಿಗೆ ಹೋಲಿಸಿದರೆ ಗಡಿಯಾರ ಆಟವನ್ನು ಹಳೆಯ ಲಯಕ್ಕೇ ಮರಳಿಸಿದೆ; 1980ರ ದಶಕದ ನಡುವಿನಲ್ಲಿ ಪಂದ್ಯಗಳು ಯಾವ ಗಡಿಯಾರವೂ ಇಲ್ಲದೆ ಇಷ್ಟೇ ಹೊತ್ತಿನಲ್ಲಿ ಮುಗಿಯುತ್ತಿದ್ದವು. ನನ್ನನ್ನು ಕೇಳಿದರೆ, ಹತ್ತನೆಯ ಇನ್ನಿಂಗ್ಸ್‌ನಿಂದ ಎರಡನೆಯ ಬೇಸಿನಲ್ಲಿ ಪುಕ್ಕಟೆಯಾಗಿ ಒಬ್ಬ ರನ್ನರ್‌ನನ್ನು ನಿಲ್ಲಿಸುವ ನಿಯಮವೇ ಆಟಕ್ಕೆ ಹೆಚ್ಚು ಅಪಚಾರ ಮಾಡಿದೆ. ಪ್ಲೇಆಫ್ ಪಂದ್ಯಗಳಲ್ಲಿ ಅದನ್ನು ಬಳಸುವುದಿಲ್ಲ ಎನ್ನುವುದರಲ್ಲೇ ಲೀಗಿನ ಅಳುಕು ಕಾಣುತ್ತದೆ.

ನಮ್ಮ ಕ್ರಿಕೆಟ್ಟಿನಲ್ಲೂ ಈಗ ಓವರ್‌ಗಳ ನಡುವೆ 60 ಸೆಕೆಂಡ್‌ಗಳ ಸ್ಟಾಪ್ ಕ್ಲಾಕ್ ಇದೆ. ತಮಾಷೆಯೆಂದರೆ, 2024ರ ಟಿ20 ವಿಶ್ವಕಪ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಭಾರತದ ವಿರುದ್ಧ ಆಡುವಾಗ ಮೂರನೆಯ ಬಾರಿ ತಡಮಾಡಿ 5 ರನ್ ದಂಡ ತೆತ್ತದ್ದು ಅಮೆರಿಕ ತಂಡವೇ. 30 ಎಸೆತಗಳಲ್ಲಿ 35 ರನ್ ಬೇಕಿದ್ದ ಭಾರತಕ್ಕೆ 30 ರನ್ ಸಾಕಾಯಿತು.

ಮರುಪ್ರಶ್ನೆ: ಮಿಚಿಗನ್ ಮೈಸೂರಿಗ

ಇಷ್ಟು ವಿವರವಾಗಿ ಬರೆದ ಮೂವರಿಗೂ ಧನ್ಯವಾದಗಳು. ಒಂದು ಶಂಕೆ ಉಳಿದಿದೆ. ಒಂಬತ್ತನೆಯ ಇನ್ನಿಂಗ್ಸ್, ಬೇಸ್‌ಗಳೆಲ್ಲ ತುಂಬಿವೆ, ಎರಡು ಔಟ್ ಆಗಿದೆ, ಮೂರು ಬಾಲ್ ಎರಡು ಸ್ಟ್ರೈಕ್ ಆಗಿದೆ ಎಂದಿಟ್ಟುಕೊಳ್ಳಿ. ಅಂತಹ ಘಳಿಗೆಯಲ್ಲಿ ಪಂದ್ಯ ಗಡಿಯಾರದಿಂದ ಮುಗಿಯುವುದು ನ್ಯಾಯವೇ? ಕೊನೆಯ ಇನ್ನಿಂಗ್ಸ್‌ಗಾದರೂ ಸಡಿಲಿಸಬಾರದೇ?

ಉತ್ತರ: ಮೂರನೇ ಬೇಸ್

ನೀವು ವರ್ಣಿಸಿದ ಸನ್ನಿವೇಶ ಅಕ್ಷರಶಃ ನಡೆದಿದೆ. 2023ರ ಫೆಬ್ರವರಿ ಕೊನೆಯಲ್ಲಿ, ಸ್ಪ್ರಿಂಗ್ ಟ್ರೇನಿಂಗ್‌ನಲ್ಲಿ ಅಟ್ಲಾಂಟಾ ಮತ್ತು ಬಾಸ್ಟನ್ ನಡುವಿನ ಪಂದ್ಯ 6-6ರಲ್ಲಿ ಸಮವಾಗಿದ್ದಾಗ, ಬೇಸ್‌ಗಳು ತುಂಬಿ, ಎರಡು ಔಟ್ ಆಗಿ, ಮೂರು ಬಾಲ್ ಎರಡು ಸ್ಟ್ರೈಕ್ ಆಗಿದ್ದಾಗಲೇ, ಅಟ್ಲಾಂಟಾದ ಬ್ಯಾಟರ್ ಹೊತ್ತಿಗೆ ಸರಿಯಾಗಿ ಸಿದ್ಧನಾಗಲಿಲ್ಲವೆಂದು ಅಂಪೈರ್ ಮೂರನೆಯ ಸ್ಟ್ರೈಕ್ ಕೊಟ್ಟರು. ಪಂದ್ಯ ಸಮವಾಗಿಯೇ ಮುಗಿಯಿತು. ಆ ಬ್ಯಾಟರ್, ಅದು ನಾಲ್ಕನೆಯ ಬಾಲ್ ಎಂದೂ ತನ್ನ ತಂಡ ಗೆದ್ದಿತೆಂದೂ ತಿಳಿದು ಮೊದಲ ಬೇಸಿನತ್ತ ಹೊರಟಿದ್ದರು. ಅಭ್ಯಾಸ ಪಂದ್ಯದಲ್ಲಿ ಆದದ್ದು ಒಳ್ಳೆಯದೇ ಆಯಿತು, ಆಟಗಾರರು ಬಹುಬೇಗ ಹೊಂದಿಕೊಂಡರು. ಅದೇ ಋತುವಿನಲ್ಲಿ ಹೆಚ್ಚಿನ ಪಂದ್ಯಗಳಲ್ಲಿ ಒಂದೇ ಒಂದು ಉಲ್ಲಂಘನೆಯೂ ದಾಖಲಾಗಲಿಲ್ಲ. ಕೊನೆಯ ಇನ್ನಿಂಗ್ಸ್‌ಗೆ ಸಡಿಲಿಕೆ ಕೊಡುವುದನ್ನು ನಾನು ಒಪ್ಪುವುದಿಲ್ಲ. ಎಂಟು ಇನ್ನಿಂಗ್ಸ್ ಒಂದು ಲಯದಲ್ಲಿ ಆಡಿದ ಪಿಚರ್ ಮತ್ತು ಬ್ಯಾಟರ್ ಒಂಬತ್ತನೆಯದರಲ್ಲಿ ಹಳೆಯ ಚಾಳಿಗೆ ಮರಳಿದರೆ, ಎಲ್ಲಕ್ಕಿಂತ ಬಿಗಿಯಾದ ಘಳಿಗೆಯೇ ಎಲ್ಲಕ್ಕಿಂತ ಜಾಳಾಗಿಬಿಡುತ್ತದೆ.

ಅಂದಹಾಗೆ, 2026ರ ಋತುವಿಗೆ ಒಪ್ಪಿಗೆ ಪಡೆದ ಮತ್ತೊಂದು ಬದಲಾವಣೆಯ ಮೇಲೆ ಕಣ್ಣಿಡಿ. ಅಂಪೈರ್ ಕೊಟ್ಟ ಬಾಲ್ ಅಥವಾ ಸ್ಟ್ರೈಕ್ ತೀರ್ಪನ್ನು ಬ್ಯಾಟರ್, ಪಿಚರ್ ಅಥವಾ ಕ್ಯಾಚರ್ ತಕ್ಷಣವೇ ತಲೆ ತಟ್ಟಿಕೊಂಡು ಪ್ರಶ್ನಿಸಬಹುದು. ಕ್ಯಾಮೆರಾ ವ್ಯವಸ್ಥೆ ಉತ್ತರ ಕೊಡುತ್ತದೆ. ತಂಡವೊಂದಕ್ಕೆ ಎರಡು ಅವಕಾಶ, ಗೆದ್ದರೆ ಅವಕಾಶ ಉಳಿಯುತ್ತದೆ. 2025ರ ಅಭ್ಯಾಸ ಪಂದ್ಯಗಳಲ್ಲಿ ಇದನ್ನು ಪರೀಕ್ಷಿಸಿದಾಗ ಒಂದೊಂದು ಮೇಲ್ಮನವಿಗೆ ಸರಾಸರಿ ಸುಮಾರು 14 ಸೆಕೆಂಡ್ ಹಿಡಿಯಿತು. ಡಗೌಟಿನಿಂದ ಸನ್ನೆ ಮಾಡುವಂತಿಲ್ಲವಾದ್ದರಿಂದ, ಮೂರನೆಯ ಇನ್ನಿಂಗ್ಸ್‌ನಲ್ಲೇ ಸಿಟ್ಟಿನಿಂದ ಎರಡೂ ಅವಕಾಶ ಕಳೆದುಕೊಳ್ಳುವ ಬ್ಯಾಟರ್‌ಗೆ ತನ್ನ ಮ್ಯಾನೇಜರ್‌ನಿಂದ ಏನು ಕಾದಿರುತ್ತದೆ ಎಂಬುದನ್ನು ಊಹಿಸಬಹುದು.